ಕಾಮಲತೆಗೊಂದು ದೃಷ್ಟಿಬೊಟ್ಟು

ನಮ್ಮ ಹಿತ್ತಿಲಿನ ಮರದ ಬೇಲಿಯಲ್ಲಿ ಒಂದು ಹಲಗೆಯ ಕೆಳಗಿನ ಮೊಳೆ ಬಿದ್ದುಹೋಗಿ ಎಂಟು ವರ್ಷವಾಗಿತ್ತು. ಮೇಲಿನ ಒಂದೇ ಮೊಳೆಯಲ್ಲಿ ನೇತಾಡುತ್ತಿದ್ದ ಅದನ್ನು ಪಕ್ಕಕ್ಕೆ ಸರಿಸಿದರೆ ಒಂದು ಪಾತ್ರೆ ಆಚೆಗೆ ದಾಟುವಷ್ಟು ಜಾಗವಾಗುತ್ತಿತ್ತು. ಆ ಸಂದಿಯಲ್ಲಿ ಹೋಗಿ ಬಂದ ಹುಳಿ, ಗೊಜ್ಜು, ಕೋಸಂಬರಿಗಳನ್ನೆಲ್ಲ ಒಂದೆಡೆ ಸುರಿದಿದ್ದರೆ ಒಂದು ಮದುವೆಯ ಊಟವಾಗುತ್ತಿತ್ತು. ನನ್ನ ಗಂಡ ಪ್ರತಿ ಬೇಸಿಗೆಯಲ್ಲೂ ಸುತ್ತಿಗೆ ಹಿಡಿದು ಮೊಳೆ ಹೊಡೆಯಲು ಹೊರಡುತ್ತಿದ್ದರು. ಪ್ರತಿ ಬೇಸಿಗೆಯಲ್ಲೂ ನಾನು ಸುತ್ತಿಗೆ ಕಸಿದುಕೊಂಡು ಗರಾಜಿನಲ್ಲಿಡುತ್ತಿದ್ದೆ.

ಬೇಲಿಯ ಆಚೆಯವಳು ಮೈಸೂರಿನವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅವರು ಆ ಮನೆಗೆ ಬಂದ ವಾರ ನಾನು ಹಿತ್ತಿಲಲ್ಲಿ ನಿಂತು, ಕಸದ ಡಬ್ಬಿಯನ್ನು ಬೀದಿಗೆ ಇಡಲು ಮರೆತ ಗಂಡನಿಗೆ ಸಹಸ್ರನಾಮ ಮಾಡುತ್ತಿದ್ದೆ. ಬೇಲಿಯ ಹಿಂದಿನಿಂದ ಒಂದು ದನಿ ಕೇಳಿಸಿತು. "ರೀ, ನೀವು ಕನ್ನಡದವ್ರಾ? ಹೆಪ್ಪಿಗೆ ಒಂಚೂರು ಮೊಸರಿದ್ಯಾ?"

ಅಂದಿನಿಂದ ನಾನು ಅವಳಿಗೆ ಅಕ್ಕ. ಅವಳ ಮನೆಯ ಮೊಸರು ಅಂದಿನಿಂದಲೂ ನಾನು ಕೊಟ್ಟ ಹೆಪ್ಪಿನದೇ. ಅಮೆರಿಕದ ಈ ಊರಿನಲ್ಲಿ ಸ್ನೇಹಿತರಿಗೆ ಬರವಿಲ್ಲ. ಹಬ್ಬಕ್ಕೆ ನೂರು ಜನ ಸೇರುತ್ತಾರೆ, ಸೀರೆ ನೋಡುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಫ್ರೀವೇ ಹಿಡಿದು ಮನೆಗೆ ಹೋಗುತ್ತಾರೆ. ಕರೆಯದೆ ಬರುವವಳು, ಹೇಳದೆ ಅಡುಗೆಮನೆಯ ಕುಕ್ಕರ್ ಆರಿಸುವವಳು ನನಗೆ ಇವಳೊಬ್ಬಳೇ ಇದ್ದಳು. ಮಗಳು ಕಾಲೇಜಿಗೆಂದು ಸ್ಯಾನ್ ಡಿಯೇಗೋಗೆ ಹೋದ ಮೇಲಂತೂ ನನ್ನ ದಿನದ ಅರ್ಧ ಮಾತು ಆ ಹಲಗೆಯ ಸಂದಿಯಲ್ಲೇ ಮುಗಿಯುತ್ತಿತ್ತು.

ಅವಳ ಮಗಳು ಚಿಕ್ಕವಳಿದ್ದಾಗ ಸಂಜೆಯಾದರೆ ಸಾಕು, ಮಗು ಕಾರಣವಿಲ್ಲದೆ ರಚ್ಚೆ ಹಿಡಿಯುತ್ತಿತ್ತು. ದೃಷ್ಟಿ ತೆಗೆಯಲು ಅವಳು ನನ್ನನ್ನೇ ಕರೆಯುತ್ತಿದ್ದಳು. ನಾನು ಎಡಗೈಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದು ಮಗುವಿಗೆ ಮೂರು ಸುತ್ತು ನೀವಾಳಿಸುತ್ತಿದ್ದೆ. ಮೊದಲ ಸಲ ಅದನ್ನು ಒಲೆಯ ಮೇಲೆ ಸುಟ್ಟಾಗ ಹೊಗೆಯ ಅಲಾರಂ ಕಿರುಚಿಕೊಂಡು, ಮಗು ಆ ಶಬ್ದಕ್ಕೇ ಬೆಚ್ಚಿ ಅಳು ನಿಲ್ಲಿಸಿತು. ಆಮೇಲಿಂದ ಹಿತ್ತಿಲಿನ ಬಾರ್ಬೆಕ್ಯೂ ಒಲೆಯಲ್ಲೇ ಸುಡುತ್ತಿದ್ದೆವು. ಘಾಟು ಬಾರದಿದ್ದರೆ ಭಾರೀ ದೃಷ್ಟಿಯಾಗಿತ್ತು ಎಂದು ಲೆಕ್ಕ. ಬಯಲಲ್ಲಿ ಸುಟ್ಟರೆ ಘಾಟು ಎಲ್ಲಿ ಬರಬೇಕು? ಹಾಗಾಗಿ ಆ ಮಗುವಿಗೆ ಪ್ರತಿ ಸಲವೂ ಭಾರೀ ದೃಷ್ಟಿಯೇ.

"ಹಾದಿ ಕಣ್ಣು, ಬೀದಿ ಕಣ್ಣು, ಕಾಗೆ ಕಣ್ಣು, ನರಿ ಕಣ್ಣು, ನೆರೆಯವರ ಕಣ್ಣು, ಹೊರೆಯವರ ಕಣ್ಣು" ಎಂದು ನಾನು ಹೇಳುತ್ತಾ ಹೋದರೆ ಅವಳು ನಗುತ್ತಿದ್ದಳು. "ನೆರೆಯವ್ರು ಅಂದ್ರೆ ನೀವೇ ಅಲ್ವಾ ಅಕ್ಕ?"

"ನಂದೂ ಸುಟ್ಟೋಗ್ಲಿ ಬಿಡು" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಾವಿಬ್ಬರೂ ಈ ಬೇಲಿಗೆ ಬಳ್ಳಿ ಹಬ್ಬಿಸಿದ್ದರ ಹಿಂದಿನ ವರ್ಷ ಅವಳೂ ಅವಳ ಗಂಡನೂ ಫ್ರೀಮಾಂಟಿನಲ್ಲಿ ಒಂದು ದೊಡ್ಡ ಮನೆ ನೋಡಿದ್ದರು. ಅವಳು ಫೋನಿನಲ್ಲಿ ಫೋಟೋಗಳನ್ನು ತೋರಿಸಿದಾಗ ನಾನು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. "ಎಷ್ಟ್ ಚೆನ್ನಾಗಿದೆ ಕಣೇ, ಅಡುಗೆಮನೆಗೇ ಎರಡು ಕಿಟಕಿ" ಎಂದೆ. ವಾರದೊಳಗೆ ಆ ಮನೆ ಬೇರೆಯವರ ಪಾಲಾಯಿತು. ಅವಳು ನನ್ನ ಅಡುಗೆಮನೆಯಲ್ಲಿ ಕುಳಿತು ಅತ್ತಳು. ನಾನು ಕಾಫಿ ಮಾಡಿಕೊಟ್ಟು ಬೆನ್ನು ಸವರಿದೆ. "ಇನ್ನು ಮನೆ ಸಹವಾಸವೇ ಬೇಡ ಅಕ್ಕ, ಇಲ್ಲೇ ಇದ್ಬಿಡ್ತೀವಿ" ಎಂದಳು. ಬೆನ್ನು ಸವರುತ್ತಿದ್ದ ನನಗೆ ಆಗ ಸಂತೋಷವೇ ಆಯಿತು. ಸುಳ್ಳು ಹೇಳುವುದಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಹಾಗೆಂದು ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ.

ನಮ್ಮ ಬೀದಿಯಲ್ಲಿ ಹಮ್ಮಿಂಗ್‌ಬರ್ಡುಗಳು ವರ್ಷವಿಡೀ ಇರುತ್ತವೆ. ಹೆಬ್ಬೆರಳಿನಷ್ಟು ಮೈ, ಅದಕ್ಕೆ ಸರಿಯಾಗಿ ಸೂಜಿಯಂಥ ಕೊಕ್ಕು. ಆದರೆ ಎಲ್ಲವೂ ಎದುರುಮನೆಯವರ, ಕುಂಚದಂಥ ಕೆಂಪು ಹೂವಿನ ಬಾಟಲ್‌ಬ್ರಷ್ ಮರಕ್ಕೇ ಹೋಗುತ್ತಿದ್ದವು. ಅಲ್ಲಿಂದ ಹೊರಟು ನಮ್ಮ ಹಿತ್ತಿಲಿನ ಮೇಲೆ ಗುಂಯ್ ಎಂದು ಹಾಯುವುದು, ನನ್ನ ತುಳಸಿಯನ್ನೂ ಕರಿಬೇವನ್ನೂ ಒಮ್ಮೆ ನೋಡಿ ಇಲ್ಲೇನೂ ಇಲ್ಲವೆಂದು ಹೊರಟುಹೋಗುವುದು. ಇವಳು ಅದನ್ನು ಸೂರಕ್ಕಿ ಎಂದು ಕರೆಯುತ್ತಿದ್ದಳು. ಮೈಸೂರಿನ ಅವಳ ಮನೆಯ ದಾಸವಾಳಕ್ಕೆ ಸೂರಕ್ಕಿ ಬರುತ್ತಿತ್ತಂತೆ. "ಅದು ಬೇರೆ ಹಕ್ಕಿ ಕಣೇ, ಅದು ಕೂತ್ಕೊಂಡು ಕುಡಿಯುತ್ತೆ, ಇದು ನಿಂತಲ್ಲೇ ಹಾರ್ತಾ ಕುಡಿಯುತ್ತೆ" ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ನಮ್ಮ ಬೇಲಿಗೆ ಸೂರಕ್ಕಿ ಬರಬೇಕು ಎಂಬುದು ಮೊದಲು ಅವಳ ಆಸೆ. ಆಮೇಲೆ ನನ್ನ ಹಟ.

ಇಲ್ಲಿಯ ಲೈಬ್ರರಿಯಲ್ಲಿ ಪುಸ್ತಕದ ಜೊತೆಗೆ ಬೀಜವನ್ನೂ ಕೊಡುತ್ತಾರೆ. ಒಂದು ಹಳೆಯ ಮರದ ಕಪಾಟು, ಸಣ್ಣ ಸಣ್ಣ ಡ್ರಾಯರುಗಳು, ಒಳಗೆ ಕಾಗದದ ಲಕೋಟೆಗಳು. ಬೆಳೆದಾದ ಮೇಲೆ ಹೊಸ ಬೀಜವನ್ನು ತಂದು ಅದೇ ಡ್ರಾಯರಿನಲ್ಲಿಟ್ಟರೆ ಆಯಿತು. ಮಾರ್ಚ್ ಕೊನೆಯಲ್ಲಿ ಹಕ್ಕಿಗಾಗುವ ಬಳ್ಳಿ ಯಾವುದೆಂದು ಹುಡುಕುತ್ತಿದ್ದಾಗ ಒಂದು ಲಕೋಟೆಯ ಮೇಲಿನ ಚಿತ್ರ ಕಣ್ಣಿಗೆ ಬಿತ್ತು. ಹಣಿಗೆಯ ಹಲ್ಲಿನಂಥ ಎಲೆ, ಐದು ಮೂಲೆಯ ಪುಟ್ಟ ಕೆಂಪು ಹೂ. ಮೇಲೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ಆದರೆ ಅದು ಬೆಂಗಳೂರಿನಲ್ಲಿ ನಮ್ಮ ಮನೆಯ ಗೇಟಿಗೆ ಹಬ್ಬಿದ್ದ ಕಾಮಲತೆಯೇ. ಪಾಸ್‌ಪೋರ್ಟ್ ಬದಲಾಯಿಸಿಕೊಂಡ ನೆಂಟರನ್ನು ನೋಡಿದ ಹಾಗಾಯಿತು. ಒಳಗೆ ಇಲಿಯ ಹಿಕ್ಕೆಯಂಥ ಹನ್ನೆರಡು ಕಪ್ಪು ಬೀಜಗಳಿದ್ದವು.

"ಆರು ನಿಂಗೆ, ಆರು ನಂಗೆ" ಎಂದೆ ಹಲಗೆ ಸರಿಸಿ.

"ಇಬ್ರೂ ಎರಡೂ ಕಡೆಯಿಂದ ಹಬ್ಸೋಣ ಅಕ್ಕ" ಎಂದಳು ಅವಳು. "ಯಾವ ಬಳ್ಳಿ ಯಾರದು ಅಂತ ಗೊತ್ತಾಗ್ಬಾರ್ದು."

ಆ ಬೀಜದ ಸಿಪ್ಪೆ ಗಟ್ಟಿ. ಹಾಗೇ ಹೂತರೆ ಮೊಳೆಯುವ ಖಾತ್ರಿಯಿಲ್ಲ. ರಾತ್ರಿಗಳ ಚಳಿ ಹೋದ ಮೇಲೆ, ಏಪ್ರಿಲ್‌ನ ಒಂದು ಭಾನುವಾರ, ನನ್ನ ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಇಬ್ಬರೂ ಕುಳಿತೆವು. ಅವಳು ಬೀಜವನ್ನು ಬೆರಳ ತುದಿಯಲ್ಲಿ ಹಿಡಿಯುವುದು, ನಾನು ನೇಲ್ ಕಟ್ಟರಿನಿಂದ ಅದರ ಒಂದು ಮೂಲೆಯನ್ನು ಚೂರೇ ಚೂರು ಕತ್ತರಿಸುವುದು. ಎರಡು ಸಲ ಅವಳ ಉಗುರನ್ನೇ ಕತ್ತರಿಸಿದೆ. ಒಂದು ಬೀಜ ಹಾರಿ ಫ್ರಿಜ್ಜಿನ ಕೆಳಗೆ ಹೋದಾಗ ಅವಳು ನೆಲದ ಮೇಲೆ ಉದ್ದಕ್ಕೆ ಮಲಗಿ, ಸೌಟು ತೂರಿಸಿ ಹೊರಗೆಳೆದಳು. ಆಮೇಲೆ ಬೀಜಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟು, ಮಾರನೆಯ ದಿನ ಖಾಲಿ ಮೊಸರಿನ ಡಬ್ಬಿಗಳಲ್ಲಿ ಊರಿದೆವು.

"ಜುಲೈಗೆ ಹೂ ಬಿಡುತ್ತೆ" ಎಂದೆ. "ಎರಡು ಕುರ್ಚಿ ತರ್ಬೇಕು. ನಿಂದೊಂದು ಆ ಕಡೆ, ನಂದೊಂದು ಈ ಕಡೆ. ಬೆಳಗಿನ ಕಾಫಿ ಅಲ್ಲೇ."

"ಹಲಗೆ ತೆಗೆದೇ ಬಿಡೋಣ ಅಕ್ಕ, ಆಗ ಒಂದೇ ಕಡೆ ಕೂತ ಹಾಗಾಗುತ್ತೆ."

ಇದು ಅವಳೇ ಆಡಿದ ಮಾತು. ನಾನು ಆಮೇಲೆ ಇದನ್ನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ, ಅಷ್ಟು ತಿರುವಿದರೆ ದೋಸೆಯೂ ಕರಕಲಾಗುತ್ತದೆ.

ಐದನೆಯ ದಿನ ಅವಳ ಡಬ್ಬಿಯಲ್ಲಿ ಮೊಳಕೆ ಬಂತು, ಏಳನೆಯ ದಿನ ನನ್ನದರಲ್ಲಿ. ಮೊದಲ ಎರಡೆಲೆ ಹಾವಿನ ನಾಲಗೆಯಂತೆ ಸೀಳಿರುತ್ತವೆ, ಆಮೇಲೆ ಬರುವುದು ಹಣಿಗೆ. ಮೇ ಮೊದಲ ವಾರ ಬೇಲಿಯ ಬುಡಕ್ಕೆ ನೆಟ್ಟೆವು. ನನ್ನ ಆರರಲ್ಲಿ ಎರಡನ್ನು ಬಸವನಹುಳುಗಳು ಒಂದೇ ಇರುಳಿನಲ್ಲಿ ತಿಂದು ಮುಗಿಸಿದವು. ಬೆಳಿಗ್ಗೆ ಎದ್ದು ಇಕ್ಕಳದಲ್ಲಿ ಆ ಹುಳುಗಳನ್ನು ಹಿಡಿದು ಡಬ್ಬಿಗೆ ಹಾಕುವುದು ನನ್ನ ಹೊಸ ಕಾಯಕವಾಯಿತು. ಆಫೀಸಿನ ಮೀಟಿಂಗು ಒಂಬತ್ತಕ್ಕೆ, ಹುಳುಗಳದ್ದು ಆರಕ್ಕೆ. ಸೆಣಬಿನ ಹುರಿಯನ್ನು ಬೇಲಿಯ ತುದಿಗೆ ಕಟ್ಟಿ ಕೆಳಗಿಳಿಬಿಟ್ಟೆವು. ಬಳ್ಳಿಗಳು ಹುರಿ ಸಿಕ್ಕಿದ್ದೇ ತಡ, ಸುತ್ತಿಕೊಂಡು ಮೇಲೇರಿದವು. ಅವಳ ಕಡೆಯ ಕುಡಿಗಳು ಹಲಗೆಯ ಸಂದಿಯಿಂದ ನನ್ನ ಕಡೆಗೆ ತೂರಿ ಬಂದವು.

ಒಂದು ದಿನ ಅವಳು ಮಗಳ ಕಪ್ಪು ಮಾರ್ಕರ್ ಪೆನ್ನು ತಂದು, ಆ ಅಲ್ಲಾಡುವ ಹಲಗೆಯ ಮೇಲೆ ನನ್ನ ಕಡೆ ಒಂದು ದುಂಡನೆಯ ಬೊಟ್ಟಿಟ್ಟಳು. ಮಗುವಿನ ಕೆನ್ನೆಗೆ ಕಾಡಿಗೆ ಇಡುವ ಹಾಗೆ. "ನಮ್ಮ ಬಳ್ಳಿಗೂ ಒಂದು ದೃಷ್ಟಿಬೊಟ್ಟು" ಎಂದಳು. "ಯಾರ್ ಕಣ್ಣೂ ಬೀಳ್ದಿರ್ಲಿ."

ಆ ದಿನಗಳಲ್ಲೇ ಅವಳು ತನ್ನ ಮನೆಗೆ ಬಣ್ಣ ಹೊಡೆಸಿದಳು. "ಹಳೇದಾಗಿತ್ತಲ್ಲ ಅಕ್ಕ" ಎಂದಳು. ನಾನೇ ಹೋಗಿ ಬಣ್ಣ ಆರಿಸಿಕೊಟ್ಟೆ. ಗರಾಜು ಖಾಲಿ ಮಾಡಿದಳು, ಹಳೆಯ ಸಾಮಾನನ್ನೆಲ್ಲ ದಾನಕ್ಕೆ ಕೊಡುತ್ತಾಳಂತೆ. ಎರಡು ಶನಿವಾರ ನಾನೇ ಕುಳಿತು ಪಾತ್ರೆಗಳಿಗೆ ಪೇಪರ್ ಸುತ್ತಿದೆ. ದಾನಕ್ಕೆ ಕೊಡುವ ಪಾತ್ರೆಗೆ ಯಾರಾದರೂ ಅಷ್ಟು ಜೋಪಾನವಾಗಿ ಪೇಪರ್ ಸುತ್ತುತ್ತಾರೆಯೇ? ನನಗೆ ಹೊಳೆಯಲಿಲ್ಲ. ಭಾನುವಾರಗಳಲ್ಲಿ ಅವರು ಡ್ಯಾನ್‌ವಿಲ್‌ಗೆ ಹೋಗುತ್ತಿದ್ದರು. ಅವಳ ಗಂಡನ ಸ್ನೇಹಿತರ ಮನೆಯಂತೆ. ಹೋದವಳು ನನಗೆ ಅಲ್ಲಿಯ ಬೇಕರಿಯಿಂದ ಬ್ರೆಡ್ ತರುತ್ತಿದ್ದಳು. ಬೆಪ್ಪಳಂತೆ ತಿಂದೆ.

ಜೂನ್ ಎರಡನೆಯ ವಾರ ನಾವು ಮಗಳನ್ನು ನೋಡಲು ಸ್ಯಾನ್ ಡಿಯೇಗೋಗೆ ಹತ್ತು ದಿನಕ್ಕೆ ಹೊರಟೆವು. ಹೊರಡುವ ಬೆಳಿಗ್ಗೆ ಹಲಗೆ ಸರಿಯಿತು. ಒಂದು ಡಬ್ಬಿ ಪುಳಿಯೋಗರೆ ಈಚೆಗೆ ಬಂತು.

"ದಾರಿಗೆ. ಗಿಡಕ್ಕೆ ನೀರ್ ನಾನ್ ಹಾಕ್ತೀನಿ, ನೀವ್ ಆರಾಮಾಗ್ ಹೋಗ್ಬನ್ನಿ."

"ಹುಳು ನೋಡ್ಕೋ ಕಣೇ."

"ನೋಡ್ಕೋತೀನಿ ಅಕ್ಕ."

ಸಂದಿಯಲ್ಲಿ ಕೈ ತೂರಿಸಿ ನನ್ನ ಕೈ ಹಿಡಿದಳು. ತುಸು ಹೆಚ್ಚು ಹೊತ್ತೇ ಹಿಡಿದಳು. ನಾನು ಊರಿಗೆ ಹೋಗುತ್ತಿದ್ದೇನೆಂದು ಬೇಜಾರು ಮಾಡಿಕೊಂಡಿದ್ದಾಳೆ, ಪಾಪ, ಎಂದುಕೊಂಡೆ.

ವಾಪಸು ಬರುವಾಗ, ಬೆಳ್ಳುಳ್ಳಿ ಬೆಳೆಗೇ ಹೆಸರಾದ ಗಿಲ್‌ರಾಯ್ ಹತ್ತಿರ ಕಾರಿನ ಕಿಟಕಿಯಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಮನೆ ಬಂತೆಂದೇ ಅರ್ಥ. ರಸ್ತೆ ಬದಿಯ ಅಂಗಡಿಯಲ್ಲಿ ನಿಲ್ಲಿಸಿ, ಜಡೆಯಂತೆ ಹೆಣೆದ ಬೆಳ್ಳುಳ್ಳಿ ಎರಡು ಕೊಂಡೆ. ಒಂದು ನನಗೆ, ಒಂದು ಅವಳಿಗೆ. ನಮ್ಮ ಬೀದಿಗೆ ತಿರುಗಿದಾಗ ಅವಳ ಹುಲ್ಲುಹಾಸಿನ ಮೇಲೆ ಬಿಳಿಯ ಕಂಬ, ಅದಕ್ಕೆ ನೇತುಹಾಕಿದ ಬೋರ್ಡು. ಮನೆ ಮಾರಾಟಕ್ಕಿದೆ. ನನ್ನ ಗಂಡ ಬ್ರೇಕ್ ಹಾಕಿ ನನ್ನ ಮುಖ ನೋಡಿದರು. "ನಿಂಗೆ ಹೇಳಿದ್ಲಾ?" ಎಂದರು. ನಾನು ಬೆಳ್ಳುಳ್ಳಿಯ ಜಡೆಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದೆ.

ಅವರ ಬಾಗಿಲು ತೆರೆದಿತ್ತು. ಒಳಗೆ, ಕೊಳ್ಳುವವರಿಗೆ ತೋರಿಸಲೆಂದು ಬಾಡಿಗೆಗೆ ತಂದಿಟ್ಟ, ಅವರದಲ್ಲದ ಸೋಫಾ, ಅವರದಲ್ಲದ ದೀಪಗಳು, ಮೇಜಿನ ಮೇಲೆ ಒಂದು ಬಟ್ಟಲು ನಿಂಬೆಹಣ್ಣು. ದೇವರ ಮನೆ ಮಾಡಿಕೊಂಡಿದ್ದ ಗೂಡಿನಲ್ಲಿ ಟವೆಲ್‌ಗಳನ್ನು ಸುರುಳಿ ಸುತ್ತಿಟ್ಟಿದ್ದರು. ಗೋಡೆಗೆ ನಾನು ಆರಿಸಿದ ಬಣ್ಣ. ಸೂಟು ಹಾಕಿದ ಏಜೆಂಟ್ ಒಬ್ಬ ನಗುತ್ತಾ ಬಂದು, ಮನೆ ನೋಡಲು ಬಂದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಪಕ್ಕದ ಮನೆಯವಳು ಎಂದೆ. "ಒಳ್ಳೆಯ ನೆರೆಹೊರೆ ಅಂತ ಓನರ್ ತುಂಬಾ ಹೇಳಿದ್ರು" ಎಂದ ಆ ಮಹರಾಯ.

ಹಿತ್ತಿಲಿಗೆ ಹೋದೆ. ಅವಳ ಕಡೆಯ ಆರು ಬಳ್ಳಿಗಳನ್ನೂ ಬುಡ ಸಮೇತ ಕಿತ್ತು, ಬೇಲಿಯುದ್ದಕ್ಕೂ ಹೊಸ ಮರದ ಚಕ್ಕೆ ಹರವಿದ್ದರು. ಕೊಳ್ಳಲು ಬಂದವರಿಗೆ ಹಿತ್ತಿಲು ಚೊಕ್ಕಟವಾಗಿ ಕಾಣಬೇಕಲ್ಲ. ನನ್ನ ಮನೆಗೆ ಬಂದು ಬೇಲಿಯ ಈ ಕಡೆ ನೋಡಿದೆ. ಹಬ್ಬಿದ್ದ ಹಸಿರಿನಲ್ಲಿ ಅರ್ಧಕ್ಕರ್ಧ ಸೊರಗಿ ಕಂದುಬಣ್ಣಕ್ಕೆ ತಿರುಗಿತ್ತು. ಯಾವ ಬಳ್ಳಿ ಯಾರದು ಎಂದು ಆಗ ಚೆನ್ನಾಗಿ ಗೊತ್ತಾಯಿತು. ನನ್ನ ನಾಲ್ಕು ಬಾಯಾರಿ ತಲೆ ಬಾಗಿಸಿ ನಿಂತಿದ್ದವು. ಅವುಗಳ ಮೈಯಿಂದ ಒಣಗಿದ ಕುಡಿಗಳನ್ನು ಒಂದೊಂದಾಗಿ ಬಿಡಿಸಲು ನನಗೆ ಒಂದು ಗಂಟೆ ಹಿಡಿಯಿತು. ಬಿಡಿಸುವಾಗ ನನ್ನವೂ ಎರಡು ಕುಡಿ ಮುರಿದವು. ನನಗೆ ಸಿಟ್ಟು ಬೇಗ ಬರುತ್ತದೆ, ಅಳು ಬರುವುದಿಲ್ಲ. ಅಂದು ಎರಡೂ ಒಟ್ಟಿಗೇ ಬಂದವು.

ಎರಡು ದಿನ ಬಿಟ್ಟು ಮುಂಬಾಗಿಲಿನ ಬೆಲ್ಲು ಹೊಡೆಯಿತು. ಅವಳು. ಎಂಟು ವರ್ಷದಲ್ಲಿ ಅವಳು ನನ್ನ ಮನೆಯ ಬೆಲ್ಲು ಒತ್ತಿದ್ದು ಅದೇ ಮೊದಲು. ರೇಷ್ಮೆ ಸೀರೆ, ಕೈಯಲ್ಲಿ ಬೆಳ್ಳಿಯ ಕುಂಕುಮದ ಭರಣಿ, ಸಿಹಿಯ ಡಬ್ಬಿ. ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದಳು.

"ಡ್ಯಾನ್‌ವಿಲ್‌ನಲ್ಲಿ ಅಕ್ಕ. ಭಾನುವಾರ. ನೀವು ಮನೆಯವ್ರಿದ್ದ ಹಾಗೆ, ಬೆಳಿಗ್ಗೆನೇ ಬಂದ್ಬಿಡ್ಬೇಕು."

"ಯಾವಾಗ್ ತಗೊಂಡ್ರಿ?" ಎಂದೆ. ಅವಳಿಗೆ ಎಂದೂ ಬಹುವಚನ ಹಾಕದ ನಾಲಗೆ ಅಂದು ತಾನಾಗಿಯೇ ಹಾಕಿತು.

ಅವಳಿಗೆ ಅದು ತಾಗಿತು. ತಲೆ ಬಗ್ಗಿಸಿ, "ಮಾರ್ಚಲ್ಲೇ ಆಯ್ತು ಅಕ್ಕ" ಎಂದಳು.

ಮಾರ್ಚ್. ಬೀಜದ ಲಕೋಟೆಯನ್ನು ನಾನು ತಂದು ತೋರಿಸಿದಾಗಲೇ ಅವಳ ಕೈಯಲ್ಲಿ ಬೇರೆ ಮನೆಯಿತ್ತು. ಹೂ ಬಿಡುವ ಹೊತ್ತಿಗೆ ತಾನು ಇರುವುದಿಲ್ಲವೆಂದು ಗೊತ್ತಿದ್ದೂ ನನ್ನ ಅಡುಗೆಮನೆಯ ನೆಲದ ಮೇಲೆ ಮಲಗಿ, ಸೌಟಿನಿಂದ ಬೀಜ ಎಳೆದುಕೊಟ್ಟಿದ್ದಳು.

"ನಂಗೆ ಯಾಕ್ ಹೇಳ್ಲಿಲ್ಲ?"

"ಎಲ್ಲಾ ಮುಗೀಲಿ, ಆಮೇಲೆ ಹೇಳಿದ್ರಾಯ್ತು ಅಂತಿದ್ದೆ ಅಕ್ಕ. ನಿಮ್ಗೂ ಗೊತ್ತಲ್ಲ, ಇಂಥದ್ದೆಲ್ಲ ಮೊದ್ಲೇ ಹೇಳ್ಬಾರ್ದು. ನಮ್ಮತ್ತೆನೂ ಫೋನಲ್ಲಿ ದಿನಾ ಅದನ್ನೇ ಹೇಳೋರು. ಹೋದ್ ಸಲ ಮೊದ್ಲೇ ಬಾಯ್ಬಿಟ್ಟಿದ್ದಕ್ಕೇ ಅಲ್ವಾ ಕೈತಪ್ಪಿದ್ದು."

"ಹೋದ್ ಸಲ ಯಾರ್ಯಾರಿಗೆ ಹೇಳಿದ್ದೆ?"

ಅವಳು ಭರಣಿಯ ಮುಚ್ಚಳವನ್ನು ತಿರುಗಿಸುತ್ತಾ ನಿಂತಳು. ಫ್ರೀಮಾಂಟಿನ ಮನೆಯ ಫೋಟೋಗಳನ್ನು ಅವಳು ತೋರಿಸಿದ್ದು ನನಗೊಬ್ಬಳಿಗೇ.

ನಮ್ಮಲ್ಲಿ ಕೆಲಸ ಕೈಗೂಡುವವರೆಗೆ ಗುಟ್ಟಾಗಿಡುವುದು ಹೊಸತಲ್ಲ. ಬಸಿರು, ವೀಸಾ, ಹೊಸ ಕೆಲಸ, ಮನೆ, ಯಾವುದನ್ನೂ ಮುಗಿಯುವ ಮೊದಲು ಹೇಳುವುದಿಲ್ಲ. ನಾನೂ ಹೇಳಿದವಳಲ್ಲ. ಆದರೆ ಗುಟ್ಟಿನ ಆ ಬೇಲಿ ಹಾಕುವುದು ಊರವರ ಕಣ್ಣಿಗೆ. ಒಳಗಿನವರು, ಹೊರಗಿನವರು ಎಂದು ಒಂದು ಗೆರೆ ಇರುತ್ತದೆಯಲ್ಲ, ಎಂಟು ವರ್ಷ ನಾನು ಅದರ ಒಳಗಿದ್ದೇನೆಂದು ತಿಳಿದಿದ್ದೆ. ಅವಳ ಮಗುವಿನ ದೃಷ್ಟಿ ತೆಗೆದ ಕೈ ನನ್ನದು. ಅವಳು ಹೆದರಿದ್ದು ನನ್ನ ಕಣ್ಣಿಗೆ. ಹಲಗೆಯ ಮೇಲಿನ ಆ ಕಪ್ಪು ಬೊಟ್ಟನ್ನು ನನ್ನ ಕಡೆಗೇ ಯಾಕೆ ಇಟ್ಟಳು ಎಂದು ಆಗ ಯೋಚನೆ ಬಂತು. ಅದು ಬರೀ ತಮಾಷೆಯೇ ಇದ್ದಿರಬಹುದು. ಆದರೆ ಆಮೇಲೆ ಯಾವುದನ್ನೂ ತಮಾಷೆಯೆಂದು ತಳ್ಳಿಹಾಕಲು ನನ್ನಿಂದ ಆಗಲಿಲ್ಲ.

ಅವಳ ಮೇಲೆ ಕೂಗಾಡಬೇಕೆಂದಿದ್ದೆ. ಫ್ರೀಮಾಂಟ್ ನೆನಪಾಗಿ ಬಾಯಿ ಕಟ್ಟಿತು. ಅಂದು ಬೆನ್ನು ಸವರುವಾಗ ಆದ ಸಂತೋಷ ನನಗಷ್ಟೇ ಗೊತ್ತು ಎಂದುಕೊಂಡಿದ್ದೆ. ಅವಳಿಗೆ ನನ್ನ ಅಂಗೈಯಿಂದಲೇ ಗೊತ್ತಾಗಿತ್ತೋ ಏನೋ.

"ಗಿಡ ಯಾಕ್ ಕಿತ್ತೆ?" ಎಂದಷ್ಟೇ ಕೇಳಿದೆ.

"ನಾನ್ ಕೀಳ್ಸಿಲ್ಲ ಅಕ್ಕ. ಮನೆ ಸಿಂಗರಿಸೋಕೆ ಬಂದವ್ರೇ ಕಿತ್ತಿದಾರೆ, ನಂಗೆ ಹೇಳ್ಲೇ ಇಲ್ಲ."

"ನಿಂಗೂ ಹೇಳ್ಲಿಲ್ವಾ" ಎಂದೆ. ಅವಳು ಕಣ್ಣೊರೆಸಿಕೊಂಡು ಕುಂಕುಮ ಕೊಟ್ಟು ಹೋದಳು. ಅವಳಿಗೆಂದು ತಂದ ಬೆಳ್ಳುಳ್ಳಿಯ ಜಡೆ ಗೋಡೆಯ ಮೇಲೇ ಇತ್ತು. ಕೊಡಲಿಲ್ಲ. ಚಳಿಗಾಲದವರೆಗೂ ನಾನೇ ತಿಂದೆ.

ಗೃಹಪ್ರವೇಶಕ್ಕೆ ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಹೋದರೆ ಕಣ್ಣು ಹಾಕಲು ಬಂದಳು ಎನ್ನುತ್ತಾರೆ. ಹೋದೆ. ಮನೆ ದೊಡ್ಡದಿತ್ತು, ಬೆಳಕಿತ್ತು. ಬಾಗಿಲ ಮೇಲೆ ಕೋರೆಹಲ್ಲಿನ ದೃಷ್ಟಿಬೊಂಬೆ ಕಟ್ಟಿದ್ದರು. ಅಡುಗೆಮನೆಗೆ ಎಷ್ಟು ಕಿಟಕಿಗಳಿದ್ದವು ಎಂದು ನನಗೆ ಗೊತ್ತಿಲ್ಲ, ಏಕೆಂದರೆ ಅಲ್ಲಿ ನಾನು ತಲೆ ಎತ್ತಲೇ ಇಲ್ಲ. ಎಲ್ಲರೂ "ಮನೆ ಹೇಗಿದೆ?" ಎಂದು ಕೇಳಿದರು. ಚೆನ್ನಾಗಿದೆ ಎನ್ನುವ ಧೈರ್ಯವಾಗದೆ, ಒಬ್ಬಟ್ಟು ಚೆನ್ನಾಗಿದೆ ಎಂದೆ.

ಅವಳ ಹಳೆಯ ಮನೆಗೆ ಜುಲೈಯಲ್ಲಿ ಹೊಸಬರು ಬಂದರು. ಒಳ್ಳೆಯ ಜನ, ಮುಖ ಕಂಡರೆ ಕೈಬೀಸುತ್ತಾರೆ. ಬಂದ ಮೊದಲ ವಾರವೇ ಅಲ್ಲಾಡುವ ಹಲಗೆಗೆ ಎರಡು ಮೊಳೆ ಹೊಡೆದರು. ನನ್ನ ಗಂಡ ಅಡುಗೆಮನೆಯ ಕಿಟಕಿಯಲ್ಲಿ ಆ ಸದ್ದು ಕೇಳುತ್ತಾ ನಿಂತಿದ್ದರು. ಒಂದು ಮಾತೂ ಆಡಲಿಲ್ಲ, ಆಡದೆ ಬದುಕಿಕೊಂಡರು.

ನನ್ನ ನಾಲ್ಕು ಬಳ್ಳಿಗಳು ಮಾತ್ರ ಹಟಮಾರಿಗಳು. ನೀರು ಕೊಟ್ಟ ವಾರದಲ್ಲಿ ಚೇತರಿಸಿಕೊಂಡು, ಒಣಗಿದವುಗಳ ಜಾಗವನ್ನೂ ತುಂಬಿ, ಕಪ್ಪು ಬೊಟ್ಟನ್ನು ಮುಚ್ಚಿಕೊಂಡು ಬೇಲಿಯ ತುದಿ ದಾಟಿದವು. ಆಗಸ್ಟ್‌ನಲ್ಲಿ ಮೊದಲ ಹೂ ಬಿಟ್ಟಿತು. ಕುಂಕುಮದ ಬಣ್ಣ. ಬೆಳಿಗ್ಗೆ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುವ ಹೂ. ಮೊದಲು ನಾಲ್ಕು, ಆಮೇಲೆ ಇಪ್ಪತ್ತು, ಆಮೇಲೆ ಎಣಿಸುವುದನ್ನು ಬಿಟ್ಟೆ. ಹಕ್ಕಿ ಮಾತ್ರ ಬರಲಿಲ್ಲ. ಬಾಟಲ್‌ಬ್ರಷ್‌ನಿಂದ ಹೊರಟು ನಮ್ಮ ಮಾಡಿನ ಮೇಲೆ ಹಾಯುವುದು, ಹೋಗುವುದು. ನಾನು ಒಂದೇ ಕುರ್ಚಿ ಹಾಕಿಕೊಂಡು ಕಾಫಿ ಆರಿಸಿಕೊಳ್ಳುವುದು.

ಅವಳು ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. ನಾನು ಎತ್ತುತ್ತಿದ್ದೆ. ಎತ್ತಬಾರದೆಂದುಕೊಂಡೇ ಎತ್ತುತ್ತಿದ್ದೆ. ಮೊಸರು ಹುಳಿಯಾಗುತ್ತಿದೆ ಎನ್ನುವಳು, ಮಗಳು ಹೊಸ ಸ್ಕೂಲಿನಲ್ಲಿ ಮಾತೇ ಆಡುವುದಿಲ್ಲ ಎನ್ನುವಳು. ಕೊನೆಗೆ ತಪ್ಪದೆ ಕೇಳುವಳು.

"ಸೂರಕ್ಕಿ ಬಂತಾ ಅಕ್ಕ?"

"ಇಲ್ಲ ಕಣೇ."

"ಬರುತ್ತೆ ಬಿಡಿ. ಬಂದ ತಕ್ಷಣ ನಂಗೆ ಹೇಳ್ಬೇಕು. ಫೋಟೋ ಕಳಿಸ್ಬೇಕು."

ಸೆಪ್ಟೆಂಬರಿನ ಒಂದು ಭಾನುವಾರ, ಅವಳ ಫೋನು ಬಂದಾಗ ನಾನು ಹಿತ್ತಿಲಲ್ಲೇ ಕುರ್ಚಿಯಲ್ಲಿದ್ದೆ. ಅವಳು ಬಾಗಿಲಿನ ಹೊಸ ಬಣ್ಣದ ವಿಚಾರ ಹೇಳುತ್ತಿದ್ದಳು. ನನ್ನ ಕಿವಿಯ ಪಕ್ಕದಲ್ಲೇ ಗುಂಯ್ ಎಂದಿತು. ಮುಖದ ಮುಂದಿನಿಂದ ಹಾದು ಬಳ್ಳಿಯ ಎದುರಿಗೆ ಬಂದು ನಿಂತಿತು, ಗಾಳಿಯಲ್ಲಿ, ನಿಂತಲ್ಲೇ. ರೆಕ್ಕೆ ಕಾಣಿಸುತ್ತಲೇ ಇರಲಿಲ್ಲ. ಒಂದು ಹೂವಿಗೆ ಕೊಕ್ಕು ತೂರಿಸಿತು, ಹಿಂದಕ್ಕೆ ಸರಿಯಿತು, ಇನ್ನೊಂದಕ್ಕೆ ತೂರಿಸಿತು. ಕತ್ತು ತಿರುಗಿಸಿದಾಗ ಕೊರಳು ಬಿಸಿಲಿಗೆ ಒಮ್ಮೆ ಕೆಂಪಗೆ ಹೊಳೆಯಿತು.

"ಅಕ್ಕ? ಇದೀರಾ? ಸೂರಕ್ಕಿ ಬಂತಾ?"

ಹಕ್ಕಿ ಮೂರನೆಯ ಹೂವಿನಲ್ಲಿತ್ತು.

"ಇಲ್ಲ ಕಣೇ" ಎಂದೆ. "ಇನ್ನೂ ಬಂದಿಲ್ಲ."

ಸಿಟ್ಟಿಗೆ ಹಾಗೆ ಹೇಳಿದೆ ಎಂದುಕೊಂಡೇ ಫೋನ್ ಇಟ್ಟೆ. ಸರಿಯಾಗಿ ಆಯಿತು ಅವಳಿಗೆ ಎಂದೂ ಅಂದುಕೊಂಡೆ. ಒಳಗಿನಿಂದ ನನ್ನ ಗಂಡ ಬಂದು, ಏನು ನೋಡುತ್ತಾ ಕೂತಿದ್ದೀಯ ಎಂದರು. ಏನಿಲ್ಲ ಎಂದೆ. ಸಂಜೆ ಮಗಳು ಫೋನ್ ಮಾಡಿ ತನ್ನ ಅಮೆರಿಕದ ಕನ್ನಡದಲ್ಲಿ "ಅಮ್ಮಾ, ಎನಿ ಬರ್ಡ್ಸ್ ಬಂತಾ?" ಎಂದಳು. ಅವಳಿಗೂ ಇಲ್ಲವೆಂದೆ. ನಾಲ್ಕು ದಿನ ಹೋಗಲಿ, ಹಕ್ಕಿ ನಮ್ಮ ಬೇಲಿಗೆ ಒಗ್ಗಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.